ದೀಪದ ಬುಡ ಕಾಣದ ಚಿತ್ರಗಳು

ಹೋದ ಬೇಸಗೆಯಲ್ಲಿ ಯಾಪಲದಿನ್ನಿಗೆ ಹೋದಾಗ ನನ್ನ ಕೈಚೀಲದಲ್ಲಿ ಒಂದು ಹಳೆಯ ಚಿತ್ರವಿತ್ತು. ರಾಯಚೂರು ತಾಲ್ಲೂಕಿನ ಈ ಊರಿನ ಹೆಸರಿನಲ್ಲಿ ಎರಡು ನುಡಿಗಳು ಜೊತೆಗೂಡಿವೆಯೆಂದು ನನ್ನ ಎಣಿಕೆ. ಯಾಪ ಎಂದರೆ ಆ ಕಡೆಯ ತೆಲುಗಿನಲ್ಲಿ ಬೇವು. ದಿನ್ನಿ ಎಂದರೆ ನಮ್ಮ ದಿನ್ನೆ. ಅಲ್ಲಿ ನನ್ನ ಸೋದರತ್ತೆಯ ಮನೆ. ಸಂಜೆ ಕರೆಂಟು ಹೋಯಿತು. ಸೆಕೆಗೆ ಒಳಗೆ ಕೂಡಲಾರದೆ ಎಲ್ಲರೂ ಕಟ್ಟೆಗೆ ಬಂದೆವು. ಹೊತ್ತು ಕಳೆಯಲೆಂದು ಚೀಲದಿಂದ ಚಿತ್ರವನ್ನು ತೆಗೆದು, ಇನ್ನೂ ಉಳಿದಿದ್ದ ಬೆಳಕಿನಲ್ಲಿ ಅವರ ಮುಂದೆ ಹರಡಿದೆ.

ಅದು ೧೮೯೩ರ ಚಿಕಾಗೋ ವಿಶ್ವಮೇಳದ ರಾತ್ರಿಯ ನೋಟ. ನಡುವೆ ದೊಡ್ಡ ಕೊಳ, ಸುತ್ತಲೂ ಅರಮನೆಗಳಂಥ ಕಟ್ಟಡಗಳು, ಗುಮ್ಮಟದ ಅಂಚಿಗೆ ಮುತ್ತು ಪೋಣಿಸಿದಂತೆ ವಿದ್ಯುದ್ದೀಪಗಳ ಸಾಲು, ಆಕಾಶವನ್ನು ಸೀಳುವ ಶೋಧದೀಪದ ಕಿರಣಗಳು. ಎಂಬತ್ತು ದಾಟಿದ ಅತ್ತೆ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: “ಅಲ್ಲೋ ತಮ್ಮಾ, ಇಷ್ಟು ದೀಪಕ್ಕ ಎಣ್ಣಿ ಹಾಕವ್ರು ಯಾರು? ಅವ್ರನ್ನ ಒಬ್ರನ್ನೂ ಬರದಿಲ್ಲಲ್ಲ.”

ಮಕ್ಕಳು ನಕ್ಕರು. ನಾನೂ ನಕ್ಕೆ. ಕರೆಂಟಿನ ದೀಪಕ್ಕೆ ಎಣ್ಣೆ ಬೇಡವೆಂದು ತಿಳಿಯಹೇಳಿದೆ. ಆದರೆ ರಾಯಚೂರಿಗೆ ಹಿಂದಿರುಗುವ ಬಸ್ಸಿನಲ್ಲಿ ಆ ಪ್ರಶ್ನೆ ಮನಸ್ಸನ್ನು ಬಿಡಲಿಲ್ಲ. ಹತ್ತು ಹನ್ನೆರಡು ವರ್ಷಗಳಿಂದ ಇಂಥ ಚಿತ್ರಗಳನ್ನು ಕೂಡಿಹಾಕುತ್ತಿದ್ದೇನೆ. ತರಗತಿಯಲ್ಲಿ ಕಾವ್ಯವಿಮರ್ಶೆಯನ್ನು ಪಾಠ ಹೇಳುತ್ತಿದ್ದೇನೆ. ಒಂದು ಕೃತಿಯ ಮುಂದೆ ಕೇಳಬೇಕಾದ ಮೊದಲ ಪ್ರಶ್ನೆಯನ್ನು ಅಕ್ಷರ ಬಾರದ ಅತ್ತೆ ಕೇಳಿದರು, ನಾನು ಕೇಳಿರಲಿಲ್ಲ. ಈ ಲೇಖನ ಅವರಿಗೆ ಕೊಡಬೇಕಾದ ಉತ್ತರ.

ಮೊದಲು ಈ ಚಿತ್ರಗಳು ಯಾವುವೆಂಬುದನ್ನು ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಯೂರೋಪು ಅಮೆರಿಕಗಳ ದೊಡ್ಡ ನಗರಗಳು ಒಂದರ ಮೇಲೊಂದು ವಿಶ್ವಮೇಳಗಳನ್ನು ನಡೆಸಿದವು. ಮೇಳವನ್ನು ಕಣ್ಣಾರೆ ಕಂಡವರು ಲಕ್ಷಗಟ್ಟಲೆ. ಕಾಣದೆ ಕಂಡವರು ಅದಕ್ಕಿಂತ ಹೆಚ್ಚು. ಕಾಣದವರಿಗೆ ಕಣ್ಣಾದುವು ಸಚಿತ್ರ ವಾರಪತ್ರಿಕೆಗಳು. ೧೮೪೨ರಲ್ಲಿ ಆರಂಭವಾದ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’, ಮರುವರ್ಷ ಪ್ಯಾರಿಸಿನಲ್ಲಿ ಹುಟ್ಟಿದ ‘ಲಿಲ್ಲುಸ್ತ್ರಾಸಿಯೋಂ’, ಅಮೆರಿಕದ ‘ಹಾರ್ಪರ್ಸ್ ವೀಕ್ಲಿ’, ‘ಸೈಂಟಿಫಿಕ್ ಅಮೆರಿಕನ್’, ಹೀಗೆ. ವಿದ್ಯುಚ್ಛಕ್ತಿ ಮೇಳಗಳ ಮುಖ್ಯ ಆಕರ್ಷಣೆಯಾದ ಮೇಲೆ ಈ ಪತ್ರಿಕೆಗಳು ದೀಪ, ಡೈನಮೋ, ಟೆಲಿಫೋನುಗಳ ಚಿತ್ರಗಳನ್ನು ಪುಟತುಂಬ ಅಚ್ಚುಹಾಕಿದವು. ಇಂದು ಅವೇ ಪುಟಗಳು ಬಿಡಿಬಿಡಿಯಾಗಿ, ಪ್ರಾಚೀನ ವಸ್ತುಗಳೆಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ನನ್ನಂಥ ಅಧ್ಯಾಪಕನ ಕೈಗೆ ಎಟುಕುವವು ಹೈದರಾಬಾದಿನ ಅಬಿಡ್ಸಿನಲ್ಲಿ ಭಾನುವಾರ ಕಾಲುದಾರಿಯ ಮೇಲೆ ಹರಡುವ ಹಳೆಯ ಪುಸ್ತಕಗಳ ನಡುವೆ, ಬೆಂಗಳೂರಿನ ಅವೆನ್ಯೂ ರಸ್ತೆಯ ಅಂಗಡಿಗಳಲ್ಲಿ, ಬೆನ್ನು ಕಳಚಿದ ಸಂಪುಟಗಳ ರೂಪದಲ್ಲಿ ಸಿಕ್ಕವು.

ಇವುಗಳಲ್ಲಿ ಹೆಚ್ಚಿನವು ಮರದ ಅಚ್ಚಿನ ಚಿತ್ರಗಳು. ಬಾಕ್ಸ್ ಎಂಬ ಗಟ್ಟಿಮರದ ಕಾಂಡವನ್ನು ಅಡ್ಡಕ್ಕೆ ಕೊಯ್ದು, ಆ ನಯವಾದ ಮುಖದ ಮೇಲೆ ಸಣ್ಣ ಉಳಿಗಳಿಂದ ಕೆತ್ತುತ್ತಿದ್ದರು. ಈ ಮರ ದಪ್ಪನಾಗಿ ಬೆಳೆಯುವುದಿಲ್ಲ. ಆದ್ದರಿಂದ ದೊಡ್ಡ ಚಿತ್ರ ಬೇಕಾದಾಗ ಹಲವು ತುಂಡುಗಳನ್ನು ಬೋಲ್ಟು ಹಾಕಿ ಬಿಗಿದು ಒಂದೇ ಹಲಗೆ ಮಾಡುತ್ತಿದ್ದರು. ಚಿತ್ರಕಾರ ಅದರ ಮೇಲೆ ಬರೆದು ಮುಗಿಸಿದೊಡನೆ ಹಲಗೆಯನ್ನು ಬಿಚ್ಚಿ, ಒಂದೊಂದು ತುಂಡನ್ನು ಒಬ್ಬೊಬ್ಬ ಕೆತ್ತನೆಗಾರನಿಗೆ ಕೊಡುವರು. ಒಬ್ಬ ಆಕಾಶ, ಒಬ್ಬ ಗುಮ್ಮಟ, ಒಬ್ಬ ಜನಜಂಗುಳಿ, ರಾತ್ರಿಯೆಲ್ಲ ಕೆತ್ತಿ ಬೆಳಗಿಗೆ ಒಪ್ಪಿಸಬೇಕು. ಮತ್ತೆ ಕೂಡಿಸಿದಾಗ ಸಂದು ಪೂರ್ತಿ ಮುಚ್ಚದಿದ್ದರೆ, ಅಚ್ಚಾದ ಚಿತ್ರದಲ್ಲಿ ಕೂದಲೆಳೆಯಷ್ಟು ಬಿಳಿಗೆರೆ ಉಳಿಯುತ್ತದೆ. ಭೂತಗನ್ನಡಿ ಹಿಡಿದರೆ ನನ್ನ ಚಿಕಾಗೋ ಚಿತ್ರದಲ್ಲಿ ಅಂಥ ಗೆರೆ ಗುಮ್ಮಟದ ಬದಿಯಿಂದ ಕೊಳದ ತನಕ ನೇರವಾಗಿ ಇಳಿದಿರುವುದು ಕಾಣುತ್ತದೆ. ಅಂಗಡಿಯವನು ಅದನ್ನು ಊನವೆಂದು ಬೆಲೆ ಇಳಿಸಿದ. ನನಗೆ ಈಗ ಚಿತ್ರದಲ್ಲಿ ಅತ್ಯಂತ ಪ್ರಿಯವಾದ ಭಾಗ ಅದೇ. ಹೆಸರಿಲ್ಲದ ಇಬ್ಬರು ಕೆಲಸಗಾರರ ನಡುವಿನ ಗಡಿಯದು.

ಇನ್ನೊಂದು ಸಂಗತಿ ಇದಕ್ಕಿಂತ ಸ್ವಾರಸ್ಯವಾದದ್ದು. ಕೆತ್ತಿದ ಮರದಿಂದ ನೇರವಾಗಿ ಸಾವಿರಾರು ಪ್ರತಿ ತೆಗೆದರೆ ಮರ ಸವೆಯುತ್ತದೆ. ಆದ್ದರಿಂದ ಮೇಣದ ಮೇಲೆ ಅದರ ಪಡಿಯಚ್ಚನ್ನು ಒತ್ತಿ, ಕಪ್ಪುಸೀಸದ ಪುಡಿ ಸವರಿ, ಮೈಲುತುತ್ತದ ದ್ರಾವಣದಲ್ಲಿ ಇಳಿಬಿಟ್ಟು, ವಿದ್ಯುತ್ತನ್ನು ಹರಿಸಿ, ಅದರ ಮೇಲೆ ತಾಮ್ರದ ತೆಳುಪೊರೆ ಬೆಳೆಯುವಂತೆ ಮಾಡುತ್ತಿದ್ದರು. ಆ ತಾಮ್ರದ ಫಲಕದಿಂದಲೇ ಪುಟ ಅಚ್ಚಾಗುತ್ತಿತ್ತು. ಈ ವಿದ್ಯೆ ೧೮೩೮ರ ಸುಮಾರಿನದು. ಎಡಿಸನ್ನನ ದೀಪಕ್ಕಿಂತ ನಾಲ್ಕು ದಶಕ ಹಿರಿಯದು. ಎಂದರೆ, ವಿದ್ಯುತ್ತು ಮೇಳದ ವೇದಿಕೆ ಏರಿ ಬೆಳಗುವುದಕ್ಕೆ ಎಷ್ಟೋ ಮೊದಲೇ ಅಚ್ಚುಕೂಟದ ಹಿಂದಿನ ಕತ್ತಲೆ ಕೋಣೆಯಲ್ಲಿ ಕೂಲಿಮಾಡುತ್ತಿತ್ತು. ಅಲ್ಲಿ ಅದರ ಚಿತ್ರ ತೆಗೆಯಲು ಯಾರೂ ಮುಂದಾಗಲಿಲ್ಲ. ಬುಡವನ್ನು ಬಿಟ್ಟು ದೀಪವನ್ನು ನೋಡುವ ಅಭ್ಯಾಸ ಇಲ್ಲಿಂದಲೇ ಮೊದಲಾಯಿತೆನ್ನಬೇಕು.

ಇರಲಿ. ಕಪ್ಪು ಮಸಿಯಲ್ಲಿ ಬೆಳಕನ್ನು ಬರೆಯುವುದು ಹೇಗೆ? ಕೆತ್ತನೆಗಾರನಿಗೆ ಬೆಳಕಿನ ಬಣ್ಣವಿಲ್ಲ. ಅವನು ಉಳಿಯಿಂದ ಮರವನ್ನು ಎಷ್ಟು ತೆಗೆದರೆ ಅಷ್ಟು ಬಿಳುಪು. ಚಿತ್ರದಲ್ಲಿ ಉರಿಯುವ ದೀಪವೆಂದರೆ ಮಸಿ ತಾಗದ ಕಾಗದ, ಅಷ್ಟೆ. ಸುತ್ತಲಿನ ಕತ್ತಲೆಯನ್ನು ಹದವರಿತು ಗೆರೆಗಟ್ಟಿದರೆ ಆ ಬರಿಯ ಕಾಗದವೇ ಉರಿಯತೊಡಗುತ್ತದೆ. ಹದ ತಪ್ಪಿದರೆ ಅದು ತೂತಾಗಿ ಕಾಣುತ್ತದೆ. ಆನಂದವರ್ಧನನು ವಾಚ್ಯಾರ್ಥಕ್ಕೆ ದೀಪದ ಹೋಲಿಕೆಯನ್ನು ಕೊಟ್ಟಿದ್ದಾನಷ್ಟೆ. ಈ ಕೆತ್ತನೆಗಾರರು ಆ ಹೋಲಿಕೆಯನ್ನು ತಿರುವುಹಾಕಿದವರು. ಇಲ್ಲಿ ಬರೆದದ್ದೆಲ್ಲ ಕತ್ತಲೆ, ಬರೆಯದೆ ಬಿಟ್ಟದ್ದು ದೀಪ. ಒಳ್ಳೆಯ ಚಿತ್ರದಲ್ಲಿ ಬಿಟ್ಟದ್ದು ಧ್ವನಿಸುತ್ತದೆ.

ಆದರೆ ಬಿಟ್ಟದ್ದೆಲ್ಲ ಧ್ವನಿಯಾಗುವುದಿಲ್ಲ. ಕೆಲವನ್ನು ಕಲೆಗಾಗಿ ಬಿಡುತ್ತೇವೆ, ಕೆಲವನ್ನು ಅನುಕೂಲಕ್ಕಾಗಿ ಬಿಡುತ್ತೇವೆ. ಎರಡನ್ನೂ ಬೇರ್ಪಡಿಸಿ ತೋರಿಸುವುದು ವಿಮರ್ಶಕನ ಕೆಲಸ.

೧೮೮೧ರ ಪ್ಯಾರಿಸಿನ ವಿದ್ಯುತ್ ಪ್ರದರ್ಶನದಿಂದ ಹೊರಡೋಣ. ಆಗಸ್ಟಿನಿಂದ ನವೆಂಬರ್‌ವರೆಗೆ ‘ಪಾಲೆ ದ ಲ್ಯಾಂದುಸ್ತ್ರಿ’ ಎಂಬ ದೊಡ್ಡ ಭವನದಲ್ಲಿ ನಡೆದ ಈ ಪ್ರದರ್ಶನ, ವಿದ್ಯುತ್ತಿಗೇ ಮೀಸಲಾದ ಮೊದಲ ಅಂತರರಾಷ್ಟ್ರೀಯ ಮೇಳ. ಎಡಿಸನ್ನನ ಗಾಜಿನ ಬುರುಡೆಗಳು, ಸೀಮೆನ್ಸರ ಟ್ರಾಮು ಅಲ್ಲಿದ್ದವು. ಕ್ಲೆಮಾಂ ಆದೆರ್ ಎಂಬವನು ಟೆಲಿಫೋನಿನ ಮೂಲಕ ಸಂಗೀತನಾಟಕವನ್ನು ದೂರದಿಂದಲೇ ಕೇಳಿಸುತ್ತಿದ್ದ. ಆ ಕಾಲದ ಚಿತ್ರಗಳಲ್ಲಿ ಒಂದು ರೂಢಿಯನ್ನು ಕಾಣಬಹುದು. ಮುಂಭಾಗದಲ್ಲಿ ನಮಗೆ ಬೆನ್ನುಹಾಕಿ ನಿಂತ ಕೆಲವರು: ಎತ್ತರದ ಟೋಪಿಯ ಗಂಡಸು, ಉದ್ದ ನಿಲುವಂಗಿಯ ಹೆಂಗಸು, ಕೈಹಿಡಿದ ಮಗು. ಗಂಡಸು ಬೆರಳು ಚಾಚಿ ದೀಪವನ್ನು ತೋರಿಸುತ್ತಾನೆ, ಹೆಂಗಸು ಮುಖವೆತ್ತುತ್ತಾಳೆ. ನಾವು ಬೆರಗುಪಡುವುದಕ್ಕೆ ಮೊದಲೇ ಅವರು ನಮ್ಮ ಪರವಾಗಿ ಬೆರಗುಪಟ್ಟು ಮುಗಿಸಿರುತ್ತಾರೆ.

ಇದು ಅದ್ಭುತರಸವನ್ನು ಸುಲಭವಾಗಿ ಗಿಟ್ಟಿಸುವ ದಾರಿ. ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಅನುಭಾವ ಢಾಳಾಗಿದೆ, ವಿಭಾವ ಬಡವಾಗಿದೆ. ಬಾಯಿ ತೆರೆದು ನಿಂತವರನ್ನು ಬರೆದರೆ ಸಾಲದು. ಅವರ ಬಾಯಿ ತೆರೆಯಿಸಿದ್ದು ಏನು, ಹೇಗೆ ಎಂಬುದು ಕಾಣಬೇಕು. ಕನ್ನಡದಲ್ಲಿಯೂ ಸೂರ್ಯೋದಯವನ್ನು ವರ್ಣಿಸದೆ ಆಹಾ ಎಂದು ಹಾಡಿದ ಪದ್ಯಗಳಿಗೆ ಕೊರತೆಯಿಲ್ಲ. ಓದುಗ ಅಂಥ ಪದ್ಯವನ್ನು ಒಪ್ಪಿಕೊಳ್ಳುತ್ತಾನೆ, ಮರೆತೂಬಿಡುತ್ತಾನೆ. ನನ್ನ ಸಂಗ್ರಹದ ಅರ್ಧಪಾಲು ಚಿತ್ರಗಳು ಈ ಜಾತಿಯವು.

ಚಿಕಾಗೋ ಚಿತ್ರದ ಗುಣ ಇವುಗಳಿಗಿಂತ ಮೇಲು. ಅಲ್ಲಿ ಜನ ಚುಕ್ಕೆಗಳಷ್ಟು ಸಣ್ಣವರು; ಬೆರಗನ್ನು ಹುಟ್ಟಿಸುವುದು ಬೆಳಕು ಮತ್ತು ನೀರಿನಲ್ಲಿ ಅದರ ಬಿಂಬ. ೧೮೯೩ರ ಮೇ ೧ರಂದು ಅಧ್ಯಕ್ಷ ಗ್ರೋವರ್ ಕ್ಲೀವ್‌ಲೆಂಡ್ ಒಂದು ಗುಂಡಿಯನ್ನೊತ್ತಿ ಮೇಳವನ್ನು ಆರಂಭಿಸಿದ. ದೀಪ ಹಾಕುವ ಗುತ್ತಿಗೆಗಾಗಿ ಜನರಲ್ ಎಲೆಕ್ಟ್ರಿಕ್ಕಿಗೂ ವೆಸ್ಟಿಂಗ್‌ಹೌಸಿಗೂ ಪೈಪೋಟಿ ನಡೆದು, ಕಡಿಮೆ ದರ ಕೂಗಿದ ವೆಸ್ಟಿಂಗ್‌ಹೌಸ್ ಗೆದ್ದಿತ್ತು. ಟೆಸ್ಲಾನ ಹೆಸರಿನೊಡನೆ ಸೇರಿಬಂದಿರುವ ಪರ್ಯಾಯ ವಿದ್ಯುತ್ತಿನ ಪದ್ಧತಿಗೆ ಅದು ದೊಡ್ಡ ಜಯವಾಯಿತು. ಜುಲೈ ಕೊನೆಯಲ್ಲಿ ಆ ನಗರಕ್ಕೆ ಬಂದ ಸ್ವಾಮಿ ವಿವೇಕಾನಂದರೂ ಈ ಮೇಳವನ್ನು ಸುತ್ತಿ ನೋಡಿದರು. ಸೆಪ್ಟೆಂಬರ್ ೧೧ರಂದು ಅವರು ಮಾತನಾಡಿದ ಸರ್ವಧರ್ಮ ಸಮ್ಮೇಳನ ಇದೇ ಮೇಳದ ಅಂಗವಾಗಿ ನಡೆದದ್ದು. ಈ ಮೇಳದ ಕಟ್ಟಡಗಳು ಬೆಳ್ಳಗೆ ಹೊಳೆಯುತ್ತಿದ್ದುದರಿಂದ ಅದಕ್ಕೆ ‘ಶ್ವೇತನಗರ’ವೆಂದೇ ಹೆಸರು ಬಿತ್ತು.

ಶ್ವೇತನಗರ ಬೆಳ್ಳಗೆ ಉಳಿದದ್ದು ಹೇಗೆ? ಅಷ್ಟು ವಿದ್ಯುತ್ತನ್ನು ಹುಟ್ಟಿಸಲು ಉಗಿಯಂತ್ರಗಳು ಬೇಕು, ಉಗಿಗೆ ಬಾಯ್ಲರು ಬೇಕು, ಬಾಯ್ಲರಿಗೆ ಬೆಂಕಿ ಬೇಕು. ಕಲ್ಲಿದ್ದಲು ಸುಟ್ಟರೆ ಹೊಗೆ ಎದ್ದು ಕಟ್ಟಡಗಳೆಲ್ಲ ಕಪ್ಪಾಗುತ್ತಿದ್ದವು. ಅದಕ್ಕಾಗಿ ಮೇಳದವರು ಕಲ್ಲಿದ್ದಲನ್ನು ಬಿಟ್ಟು ಎಣ್ಣೆಯನ್ನು ಉರಿಸಿದರು. ಇಂಡಿಯಾನಾ ರಾಜ್ಯದ ವೈಟಿಂಗ್ ಎಂಬಲ್ಲಿಯ ಎಣ್ಣೆ ಕಾರ್ಖಾನೆಯಿಂದ ಕೊಳವೆಯ ಮೂಲಕ ಹರಿದು ಬಂದ ಎಣ್ಣೆ ಯಂತ್ರಶಾಲೆಯ ಪಕ್ಕದ ಬಾಯ್ಲರುಗಳಲ್ಲಿ ಉರಿಯಿತು. ಎಂದ ಮೇಲೆ ಯಾಪಲದಿನ್ನಿಯ ಕಟ್ಟೆಯ ಮೇಲೆ ನಕ್ಕವರು ನಾವು, ಸರಿಯಾಗಿ ಕೇಳಿದವರು ಅತ್ತೆ. ಆ ದೀಪಗಳಿಗೆ ಎಣ್ಣೆ ಬೇಕಿತ್ತು, ಅದನ್ನು ಒದಗಿಸುವ ಮಂದಿಯಿದ್ದರು. ಚಿತ್ರದಲ್ಲಿ ಮಾತ್ರ ಅವರಿಗೆ ಎಡೆಯಿಲ್ಲ.

ದೀಪದ ಬುಡದಲ್ಲಿ ಕತ್ತಲೆ ಎಂಬ ನಮ್ಮ ಗಾದೆಗೆ ಬಫೆಲೋ ಮೇಳಕ್ಕಿಂತ ಮಿಗಿಲಾದ ಕಥೆ ಬೇಕಿಲ್ಲ. ೧೯೦೧ರಲ್ಲಿ ನಡೆದ ಈ ಮೇಳಕ್ಕೆ ನಯಾಗರಾ ಜಲಪಾತದ ವಿದ್ಯುತ್ತು ಬಂದಿತ್ತು. ನಡುವೆ ವಿದ್ಯುತ್ ಗೋಪುರ; ಕಟ್ಟಡಗಳ ಹೊರಮೈಯೆಲ್ಲ ದೀಪಗಳು. ಸೆಪ್ಟೆಂಬರ್ ೬ರಂದು ಅಧ್ಯಕ್ಷ ಮೆಕಿನ್ಲಿಯ ಮೇಲೆ ಮೇಳದ ಸಂಗೀತಭವನದಲ್ಲಿ ಗುಂಡು ಹಾರಿತು. ಅವನನ್ನು ಮೇಳದ ಚಿಕಿತ್ಸಾಲಯಕ್ಕೆ ಹೊತ್ತೊಯ್ದರು. ಶಸ್ತ್ರಚಿಕಿತ್ಸೆ ಮಾಡಬೇಕಾದ ಮೇಜಿನ ಮೇಲೆ ಸಾಕಷ್ಟು ಬೆಳಕಿರಲಿಲ್ಲ. ಇಳಿಬಿಸಿಲನ್ನು ಕನ್ನಡಿಯಿಂದ ತಿರುಗಿಸಿ ಗಾಯದ ಮೇಲೆ ಬೀಳಿಸಿದರು. ಆಮೇಲೆ ಹೇಗೋ ಒಂದು ವಿದ್ಯುದ್ದೀಪವನ್ನು ಹೊಂದಿಸಿದರು. ಕ್ಷಕಿರಣದ ಯಂತ್ರ ಅದೇ ಮೇಳದಲ್ಲಿ ಪ್ರದರ್ಶನಕ್ಕಿತ್ತು, ಅದನ್ನು ಬಳಸಲಿಲ್ಲ. ಒಳಗುಳಿದ ಗುಂಡು ಸಿಗದೆ ಸೆಪ್ಟೆಂಬರ್ ೧೪ರಂದು ಅಧ್ಯಕ್ಷ ತೀರಿಕೊಂಡ. ಈ ಮೇಳದ ಎರಡು ಚಿತ್ರಗಳು ನನ್ನಲ್ಲಿವೆ. ಎರಡರಲ್ಲಿಯೂ ಗೋಪುರ ಬೆಳಗುತ್ತಿದೆ. ಅವು ಸುಳ್ಳು ಹೇಳುತ್ತಿಲ್ಲ. ಬೆಳಕೆಲ್ಲ ಹೊರಮೈಯಲ್ಲಿಯೇ ಇತ್ತೆಂಬುದನ್ನು, ತಮಗೆ ತಿಳಿಯದಂತೆಯೇ, ಒಪ್ಪಿಕೊಂಡಿವೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಪತ್ರಿಕೆಗಳು ದೀಪಗಳನ್ನು ಮಾತ್ರ ಬರೆಯಲಿಲ್ಲ, ಯಂತ್ರಗಳನ್ನೂ ಬರೆದವು. ನಿಜ. ೧೮೭೬ರ ಫಿಲಡೆಲ್ಫಿಯ ಮೇಳದ ಕಾರ್ಲಿಸ್ ಉಗಿಯಂತ್ರ ಯಾವ ಅರಸನಿಗೂ ಕಡಿಮೆಯಿಲ್ಲದಂತೆ ಪುಟ ತುಂಬಿ ನಿಂತಿದೆ. ೧೯೦೦ರ ಪ್ಯಾರಿಸ್ ಮೇಳದ ಡೈನಮೋಗಳನ್ನು ಕಂಡ ಅಮೆರಿಕದ ಲೇಖಕ ಹೆನ್ರಿ ಆಡಮ್ಸನಿಗೆ ಅವು ಹಿಂದಿನ ಕಾಲದ ಮೇರಿಮಾತೆಯ ಸ್ಥಾನಕ್ಕೇರಿದಂತೆ ತೋರಿ, ಅವನ ಆತ್ಮಕಥೆಯ ಒಂದು ಪ್ರಸಿದ್ಧ ಅಧ್ಯಾಯವೇ ಆಯಿತು. ಆದರೆ ಅವನ ಮಾತೇ ನನ್ನ ವಾದಕ್ಕೂ ಬೆಂಬಲ. ಯಂತ್ರವನ್ನು ಬರೆದವರು ಅದನ್ನು ದೇವರಮೂರ್ತಿಯಂತೆ ಬರೆದರು. ಮೂರ್ತಿಯ ಸುತ್ತ ಭಕ್ತರಿದ್ದಾರೆ, ಕೀಲಿಗೆ ಎಣ್ಣೆಬಿಡುವವನಿಲ್ಲ. ಇದ್ದರೂ, ಯಂತ್ರ ಎಷ್ಟು ದೊಡ್ಡದೆಂದು ತೋರಿಸುವ ಅಳತೆಗೋಲಾಗಿ ಮೂಲೆಯಲ್ಲಿ ನಿಂತಿದ್ದಾನೆ.

ಇವೆಲ್ಲಕ್ಕಿಂತ ನಾನು ಮೇಲೆ ಎಣಿಸುವ ವಸ್ತು ೧೮೯೧ರ ಫ್ರಾಂಕ್‌ಫರ್ಟ್ ಪ್ರದರ್ಶನದ್ದು. ನೆಕರ್ ನದಿಯ ದಂಡೆಯ ಲಾಫೆನ್ ಎಂಬ ಊರಿನಲ್ಲಿ ನೀರಿನಿಂದ ಹುಟ್ಟಿಸಿದ ವಿದ್ಯುತ್ತನ್ನು ೧೭೫ ಕಿಲೋಮೀಟರ್ ದೂರದ ಫ್ರಾಂಕ್‌ಫರ್ಟಿಗೆ ತಂತಿಯ ಮೂಲಕ ತಂದರು. ಅಲ್ಲಿ ಅದು ಒಂದು ಸಾವಿರ ದೀಪಗಳನ್ನು ಬೆಳಗಿಸಿತು. ಒಂದು ಪಂಪನ್ನೂ ನಡೆಸಿ, ಮೇಳದ ನಡುವೆ ಕಟ್ಟಿದ ಕೃತಕ ಜಲಪಾತವನ್ನು ಧುಮುಕಿಸಿತು. ಒಂದು ಊರಿನಲ್ಲಿ ಹರಿಯುವ ನೀರು ಇನ್ನೊಂದು ಊರಿನಲ್ಲಿ ಬೀಳುವ ನೀರಾಯಿತು. ಶಕ್ತಿಗೆ ಒಂದು ತವರೂರು ಉಂಟು, ಅದು ಅಲ್ಲಿಂದ ಹೊರಟು ಬರುತ್ತದೆ ಎಂಬ ಸತ್ಯವನ್ನು ಯಾವ ವಿವರಣೆಯೂ ಇಲ್ಲದೆ ತಿಳಿಸುವ ಪ್ರದರ್ಶನ ಇದೊಂದೇ. ಇದರಲ್ಲಿ ವಿಭಾವ ಗಟ್ಟಿಯಾಗಿದೆ. ಬೆರಳು ಮಾಡಿ ತೋರಿಸುವ ಗಂಡಸು ಬೇಕಾಗಿಲ್ಲ.

ಫ್ರಾಂಕ್‌ಫರ್ಟಿನಲ್ಲಿ ಕೆಲವು ತಿಂಗಳ ಕೌತುಕವಾಗಿದ್ದುದು ಹನ್ನೊಂದು ವರ್ಷಗಳೊಳಗೆ ಕನ್ನಡನಾಡಿನಲ್ಲಿ ದಿನನಿತ್ಯದ ಕೆಲಸವಾಯಿತು. ಶಿವನಸಮುದ್ರದ ವಿಷಯ ವಾಚಕರಿಗೆ ಗೊತ್ತು. ಚಿಕಾಗೋಗೆ ಹೊರಡುವ ಮುನ್ನ, ೧೮೯೨ರಲ್ಲಿ, ವಿವೇಕಾನಂದರು ಮೈಸೂರು ಸೀಮೆಗೆ ಬಂದಾಗ ಅವರಿಗೆ ಆತಿಥ್ಯ ನೀಡಿದ ದಿವಾನ್ ಶೇಷಾದ್ರಿ ಅಯ್ಯರ್ ಅವರೇ ಈ ಯೋಜನೆಗೆ ಬೆನ್ನೆಲುಬಾದವರು. ಅದನ್ನು ರೂಪಿಸಿದ ಎಂಜಿನಿಯರ್ ಜೋಲಿ ಡಿ ಲೋಟ್ಬಿನಿಯೆ. ಅಮೆರಿಕದಿಂದ ಜನರೇಟರುಗಳು, ಸ್ವಿಟ್ಜರ್ಲೆಂಡಿನಿಂದ ಟರ್ಬೈನುಗಳು ಬಂದವು. ೧೯೦೨ರ ಜೂನ್ ೩೦ರಂದು ಕಾವೇರಿಯ ವಿದ್ಯುತ್ತು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ತಂತಿದಾರಿಗಳಲ್ಲಿ ಒಂದು. ಆ ದಿನವನ್ನು ಕಾಣಲು ಶೇಷಾದ್ರಿ ಅಯ್ಯರ್ ಇರಲಿಲ್ಲ. ಅವರು ತೀರಿಕೊಂಡದ್ದು ೧೯೦೧ರ ಸೆಪ್ಟೆಂಬರ್ ೧೩ರಂದು. ಬಫೆಲೋದಲ್ಲಿ ಮೆಕಿನ್ಲಿಯ ಪ್ರಾಣ ಹೋಗುವುದಕ್ಕೆ ಒಂದು ದಿನ ಮೊದಲು.

ನಮ್ಮಲ್ಲಿ ಶಿವನಸಮುದ್ರವನ್ನು ಕುರಿತು ಬರೆದದ್ದೆಲ್ಲ ಬಹುಮಟ್ಟಿಗೆ ಬೆರಳು ಮಾಡಿ ತೋರಿಸುವ ಬರಹ. ಏಷ್ಯಾದಲ್ಲೇ ಮೊದಲೆಂದು, ಭಾರತದಲ್ಲೇ ಮೊದಲೆಂದು ಹೇಳಿಕೊಳ್ಳುತ್ತೇವೆ. ಡಾರ್ಜಿಲಿಂಗಿನ ಸಿದ್ರಾಪೊಂಗ್ ಜಲವಿದ್ಯುತ್ ಕೇಂದ್ರ ೧೮೯೭ರಲ್ಲಿಯೇ ಕೆಲಸ ತೊಡಗಿತ್ತು. ಮೊದಲೆಂಬ ಪಟ್ಟ ಶಿವನಸಮುದ್ರಕ್ಕೆ ಬೇಕಾಗಿಯೂ ಇಲ್ಲ. ಅದರ ನಿಜವಾದ ವಿಶೇಷ ಬೇರೆ. ವಿದ್ಯುತ್ತು ಮೊದಲು ಹೋದದ್ದು ಗಣಿಗೆ. ಬೆಂಗಳೂರಿನ ಬೀದಿಗಳಿಗೆ ದೀಪವಾಗಿ ಬಂದದ್ದು ಮೂರು ವರ್ಷಗಳ ಮೇಲೆ, ೧೯೦೫ರ ಆಗಸ್ಟ್ ೫ರಂದು. ಪಶ್ಚಿಮದ ಮೇಳಗಳಲ್ಲಿ ವಿದ್ಯುತ್ತು ಮೊದಲು ಕಣ್ಣಿಗೆ ಹಬ್ಬವಾಗಿ ಆಮೇಲೆ ಕೆಲಸಕ್ಕೆ ಇಳಿಯಿತು. ನಮ್ಮಲ್ಲಿ ಅದು ಮೊದಲು ನೆಲದ ಕೆಳಗಿನ ಕತ್ತಲೆಗೆ ಇಳಿದು, ಆಮೇಲೆ ಬೀದಿಗೆ ಬಂತು. ಇಂದು ಮೈಸೂರರಮನೆಯ ಸುಮಾರು ಒಂದು ಲಕ್ಷ ದೀಪಗಳು ದಸರೆಯಲ್ಲಿ ಒಮ್ಮೆಗೇ ಹತ್ತಿದಾಗ ಆಹಾ ಎನ್ನುವ ನಮಗೆ ಈ ಅನುಕ್ರಮ ನೆನಪಿಲ್ಲ. ಗಗನಚುಕ್ಕಿ ಭರಚುಕ್ಕಿಗಳು ಬೇಸಗೆಯಲ್ಲಿ ಬಡವಾಗಿ ನಿಂತಾಗ, ಆ ನೀರಿನ ಒಂದು ಪಾಲು ಯಂತ್ರದ ದಾರಿ ಹಿಡಿದಿದೆಯೆಂಬುದೂ ನೆನಪಾಗುವುದಿಲ್ಲ. ಫ್ರಾಂಕ್‌ಫರ್ಟಿನವರು ಇಲ್ಲದ ಜಲಪಾತವನ್ನು ಕಟ್ಟಿ ಶಕ್ತಿಯ ಮೂಲವನ್ನು ತೋರಿಸಿದರು. ನಾವು ಇದ್ದ ಜಲಪಾತವನ್ನು ಶಕ್ತಿಗೆ ಕೊಟ್ಟು, ಕೊಟ್ಟುದನ್ನು ಮರೆತೆವು.

ಶಿವನಸಮುದ್ರಕ್ಕೆ ಮರದಚ್ಚಿನ ಯುಗವೂ ತಪ್ಪಿಹೋಯಿತು. ೧೯೦೨ರ ಹೊತ್ತಿಗೆ ಪತ್ರಿಕೆಗಳು ಚುಕ್ಕಿಯಚ್ಚಿನಲ್ಲಿ ಛಾಯಾಚಿತ್ರಗಳನ್ನೇ ಮುದ್ರಿಸುತ್ತಿದ್ದವು; ಉಳಿ ಹಿಡಿದವರ ಕೆಲಸ ಮುಗಿಯುತ್ತ ಬಂದಿತ್ತು. ಆದ್ದರಿಂದಲೇ ಈ ಸಂಗ್ರಹದ ಹವ್ಯಾಸವನ್ನು ನಾನು ವಿದೇಶದ ವ್ಯಾಮೋಹವೆಂದು ತಿಳಿದಿಲ್ಲ. ಅವರು ತಮ್ಮ ದೀಪವನ್ನು ಹೇಗೆ ನೋಡಿದರೆಂಬುದನ್ನು ಓದಲು ಕಲಿತರೆ ನಾವು ನಮ್ಮದನ್ನು ಹೇಗೆ ನೋಡುತ್ತಿದ್ದೇವೆಂಬುದು ತಿಳಿದೀತು.

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಚಿಕಾಗೋ ಚಿತ್ರ ನನಗೆ ಸಿಕ್ಕಿದ್ದು ಬಿಡಿಯಾಗಿ ಅಲ್ಲ. ಅಬಿಡ್ಸಿನ ಕಾಲುದಾರಿಯಲ್ಲಿ, ರಟ್ಟು ಹೋಗಿ ದಾರ ಸಡಿಲಿದ ಒಂದು ಸಚಿತ್ರ ವಾರಪತ್ರಿಕೆಯ ಸಂಪುಟವಾಗಿ ಸಿಕ್ಕಿತು. ಮನೆಗೆ ತಂದು, ಚಿತ್ರಗಳಿರುವ ಹಾಳೆಗಳನ್ನು ಬ್ಲೇಡಿನಿಂದ ನಾನೇ ಕತ್ತರಿಸಿ ತೆಗೆದೆ. ಬರಿಯ ಅಕ್ಷರಗಳಿದ್ದ ಹಾಳೆಗಳು ಮುಟ್ಟಿದರೆ ಮುರಿಯುತ್ತಿದ್ದವು. ಅವನ್ನು ರದ್ದಿಯವನಿಗೆ ತೂಕಕ್ಕೆ ಹಾಕಿದೆ. ಅತ್ತೆಯ ಪ್ರಶ್ನೆಯನ್ನು ಹೊತ್ತು ಮನೆಗೆ ಬಂದ ರಾತ್ರಿ ಚಿತ್ರವನ್ನು ಮೊದಲ ಬಾರಿಗೆ ಬೋರಲು ಹಾಕಿ ನೋಡಿದೆ. ಹಿಂಬದಿಯಲ್ಲಿ ಅರ್ಧ ಪುಟ ಸಾಬೂನು, ಔಷಧಗಳ ಜಾಹೀರಾತು. ಉಳಿದರ್ಧದಲ್ಲಿ ಮೇಳದ ವರದಿ. ವರದಿ ಯಂತ್ರಶಾಲೆಗೆ ಬಂದು, ಬಾಯ್ಲರುಗಳ ಸಾಲನ್ನು ಹೇಳಲು ತೊಡಗಿ, ಬೆಂಕಿಯ ಮುಂದೆ ನಿಲ್ಲುವ ಆಳುಗಳ ಮಾತು ಬರುತ್ತಿದ್ದಂತೆ ಹಾಳೆ ಮುಗಿಯುತ್ತದೆ. ಮುಂದಿನ ಹಾಳೆ ರದ್ದಿಗೆ ಹೋದವುಗಳಲ್ಲಿತ್ತು. ಕೆತ್ತನೆಗಾರ ಬಿಟ್ಟವರನ್ನು ವರದಿಗಾರ ಬಿಟ್ಟಿರಲಿಲ್ಲ, ಬಿಟ್ಟವನು ನಾನು.

ಮಸ್ಕಿಯ ಅಶೋಕ ಶಾಸನವನ್ನು ನೋಡಲು ನಮ್ಮ ಜಿಲ್ಲೆಯ ವಿದ್ಯಾರ್ಥಿಗಳನ್ನು ಕರೆದೊಯ್ದಾಗಲೆಲ್ಲ ನಾನೊಂದು ಮಾತು ಹೇಳುತ್ತಿದ್ದೆ. ೧೯೧೫ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರು ಚಿನ್ನ ಹುಡುಕುತ್ತ ಹೋಗಿ ಈ ಶಾಸನವನ್ನು ಕಂಡ. ಅದರ ಬೆಲೆ ಅಕ್ಷರಗಳಲ್ಲಿ ಮಾತ್ರವಿಲ್ಲ. ಆ ಅಕ್ಷರಗಳು ಆ ಗುಡ್ಡದ ಆ ಬಂಡೆಯಲ್ಲಿಯೇ ಇರುವುದರಲ್ಲಿದೆ. ಬಂಡೆಯಿಂದ ಸೀಳಿ ಯಾವುದೋ ಊರಿನ ವಸ್ತುಸಂಗ್ರಹಾಲಯದಲ್ಲಿಟ್ಟರೆ ಓದಬಹುದು, ತಿಳಿಯಲಾಗದು. ಇಷ್ಟು ಚೆನ್ನಾಗಿ ಪಾಠ ಹೇಳುವವನು ಮನೆಯಲ್ಲಿ ಕುಳಿತು ಪತ್ರಿಕೆಯ ಬಂಡೆಯನ್ನು ಬ್ಲೇಡಿನಿಂದ ಸೀಳಿದೆ.

ಈ ಹವ್ಯಾಸಕ್ಕೆ ಕೈಹಾಕುವವರಿಗೆ ಇದರಿಂದ ಪ್ರಯೋಜನವಾದೀತೆ? ಆದರೆ ಸಂತೋಷ. ಪೇಟೆಯಲ್ಲಿ ಬಿಡಿ ಹಾಳೆಗೆ ಬೆಲೆ ಹೆಚ್ಚು, ಇಡೀ ಸಂಚಿಕೆಗೆ ಗಿರಾಕಿ ಕಡಿಮೆ. ಆದ್ದರಿಂದಲೇ ಸಂಪುಟಗಳನ್ನು ಒಡೆದು ಮಾರುತ್ತಾರೆ. ಒಡೆಯದೆ ಉಳಿದ ಸಂಚಿಕೆ ಸಿಕ್ಕರೆ ಚಿತ್ರ ಸಾಧಾರಣವಾಗಿದ್ದರೂ ಅದನ್ನೇ ಕೊಳ್ಳಬೇಕು. ಬಿಡಿ ಹಾಳೆಯಾದರೆ ಪತ್ರಿಕೆಯ ಹೆಸರು, ತಾರೀಖುಗಳಿರುವ ಮೇಲಂಚು ಉಳಿದಿದೆಯೇ ಎಂದು ನೋಡಬೇಕು. ಚೌಕಟ್ಟಿಗೆ ಒಪ್ಪಲೆಂದು ಅದನ್ನು ಕತ್ತರಿಸಿದ ಚಿತ್ರ ತಲೆ ಹೋದ ಶಾಸನವಿದ್ದಂತೆ. ಬಣ್ಣ ಹಾಕಿದ ಹಾಳೆಗಳನ್ನು ಕಂಡು ಮರುಳಾಗಬಾರದು. ಈ ವಾರಪತ್ರಿಕೆಗಳ ಮರದಚ್ಚುಗಳು ಸಾಮಾನ್ಯವಾಗಿ ಕಪ್ಪುಬಿಳುಪಿನಲ್ಲಿಯೇ ಹೊರಟವು. ಹಳದಿ ದೀಪ, ನೀಲಿ ಆಕಾಶಗಳು ಬಹುಪಾಲು ಇತ್ತೀಚಿನ ಮಾರಾಟಗಾರರ ಕೈಚಳಕ. ಅದು ವಂಚನೆಯೆಂದು ನಾನು ಹೇಳುವುದಿಲ್ಲ, ಔಚಿತ್ಯಭಂಗವೆಂದು ಹೇಳುತ್ತೇನೆ. ಮಸಿ ತಾಗದ ಕಾಗದವೇ ಬೆಳಕಾಗುವ ಚಮತ್ಕಾರವನ್ನು ಆ ಹಳದಿ ಕೊಂದುಬಿಡುತ್ತದೆ. ಭೂತಗನ್ನಡಿಯ ಕೆಳಗೆ ಗೆರೆಗಳು ಒಡೆದು ಚುಕ್ಕಿಗಳ ಜಾಲವಾಗಿ ಕಂಡರೆ ಅದು ಮರದಚ್ಚಲ್ಲ, ಈಚಿನ ಮರುಮುದ್ರಣವೆಂದು ತಿಳಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಾಳೆಯನ್ನು ಗೋಡೆಗೆ ತೂಗುಹಾಕುವ ಮುನ್ನ ಅದರ ಹಿಂಬದಿಯನ್ನು ಓದಬೇಕು. ಹಿಂಬದಿಯನ್ನು ಅಂಟು ಹಚ್ಚಿ ಮುಚ್ಚುವ ಚೌಕಟ್ಟು ಬೇಡವೇ ಬೇಡ.

ನಮ್ಮ ಜಿಲ್ಲೆಯವರಿಗೆ ಈ ಮಾತು ಇನ್ನೂ ಹತ್ತಿರದ್ದು. ೧೯೮೫ರಲ್ಲಿ ಶಕ್ತಿನಗರದಲ್ಲಿ ಮೊದಲ ಘಟಕ ನಡೆದಂದಿನಿಂದ ರಾಯಚೂರು ನಾಡಿನ ದೀಪದ ಬುಡವಾಗಿದೆ. ಒಂದೊಂದೇ ಘಟಕ ಸೇರಿ ಎಂಟಾಗಿ, ಸಾಮರ್ಥ್ಯ ೧೭೨೦ ಮೆಗಾವಾಟಿಗೆ ಮುಟ್ಟಿತು. ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ, ನೀರು ಕೃಷ್ಣೆಯದು, ಬೂದಿ ಇಲ್ಲಿಯೇ ಉಳಿಯುತ್ತದೆ. ಬೆಂಗಳೂರಿನ ಯಾವುದೋ ಓಣಿಯಲ್ಲಿ ಗುಂಡಿಯೊತ್ತಿದವನು ನೋಡುವುದು ಬೆಳಕನ್ನು, ಬೂದಿಯನ್ನಲ್ಲ. ಅವನ ತಪ್ಪೇನೂ ಇಲ್ಲ. ಅವನು ನೋಡುವ ಚಿತ್ರಗಳನ್ನು ಬರೆದವರು ಹಾಗೆಯೇ ಬರೆದಿದ್ದಾರೆ. ಶಕ್ತಿನಗರದ ಪಾಳಿಯಿಂದ ಹೊರಬರುವವನ ಮುಖವನ್ನು ಕನ್ನಡದ ಕಥೆಗಾರರು, ಕವಿಗಳು ಇನ್ನಾದರೂ ಬರೆಯಬೇಕು. ಅದನ್ನು ಬರೆಯುವವನಿಗೆ ಬೆರಳು ಚಾಚಿ ತೋರಿಸುವ ಗಂಡಸಿನ ಹಂಗು ಬೇಕಾಗುವುದಿಲ್ಲ.

ಮಳೆಗಾಲ ಹಿಡಿದ ಮೇಲೆ ಮತ್ತೊಮ್ಮೆ ಯಾಪಲದಿನ್ನಿಗೆ ಹೋದೆ. ಅತ್ತೆಯ ಮುಂದೆ ಅದೇ ಚಿತ್ರವನ್ನು ಹರಡಿ, “ನೀವು ಕೇಳಿದ್ದು ಖರೆ ಅತ್ತೀ. ಎಣ್ಣಿನೇ ಹಾಕ್ತಿದ್ರು” ಎಂದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ಗೋಡೆಯ ಗೂಡಿನಲ್ಲಿ ಈಗಲೂ ಒಂದು ಚಿಮಣಿಯನ್ನು ಒರೆಸಿಟ್ಟುಕೊಂಡಿರುವವರು ಅವರು. “ಹಾಕಿದವ್ರ ಹೆಸರು ಬರದಾರೇನು?” ಎಂದು ಕೇಳಿದರು. ಇಲ್ಲವೆಂದೆ. ಹಾಳೆಯನ್ನು ತಿರುವಿ, ಅರ್ಧಕ್ಕೆ ನಿಂತ ವರದಿಯ ಕೊನೆಯ ಸಾಲನ್ನು ಬೆರಳಿನಿಂದ ತೋರಿಸಿ ಕನ್ನಡದಲ್ಲಿ ಓದಿ ಹೇಳಿದೆ. ಅವರು ಕೇಳಿಸಿಕೊಂಡು, ಚಿತ್ರವನ್ನು ಹಾಗೆಯೇ ಬೋರಲಾಗಿ ನನ್ನ ಕಡೆಗೆ ಸರಿಸಿ, “ಹಿಂಗs ಇಡು. ಈ ಮಗ್ಗಲಾನೂ ನಾಲ್ಕು ಮಂದಿ ನೋಡ್ಲಿ” ಎಂದರು.